ಅಸಲು

ಲಿಕೋನಿಯಲ್ಲಿ ಫೆರ್ರಿ ಇಳಿದು, ಟೇಪು ಹೆಗಲಿಗೆ ಹಾಕಿ
ನಾನು ಹೋದದ್ದು ಅಳೆಯಲಿಕ್ಕೆ. ಅಷ್ಟೇ.
ಮೊಂಬಾಸಾದ ಕೋರ್ಟು ಬರೆದುಕೊಟ್ಟ ಕೆಲಸ:
ಎಷ್ಟು ಕಟ್ಟಿದೆ, ಎಷ್ಟು ಕಟ್ಟಿಲ್ಲ,
ಕಟ್ಟಿದ್ದರಲ್ಲಿ ಸಿಮೆಂಟೆಷ್ಟು, ಕಡಲ ಮರಳೆಷ್ಟು.

ಫೈಲು ಹೇಳುವುದು ಹೀಗೆ:
ಬ್ಯಾಂಕಿಗೆ ಬೀ ಜುವೇರಿಯಾ ಕೊಡಬೇಕು,
ಜುವೇರಿಯಾಗೆ ಕಂತ್ರಾಟುದಾರ ಮ್ವಾಂಬೂರಿ ಕೊಡಬೇಕು,
ಮ್ವಾಂಬೂರಿಗೆ (ಇದು ಅವನ ತಕರಾರು) ಜುವೇರಿಯಾಳೇ ಕೊಡಬೇಕು,
ಕಬ್ಬಿಣದಂಗಡಿಗೆ ಇಬ್ಬರೂ.

ಕರಾರಿನಲ್ಲಿ ನಾಲ್ಕು ಮಹಡಿ. ನೆಲದ ಮೇಲೆ ಮೂರು.
ನಾಲ್ಕನೆಯದಕ್ಕೆ ಮೆಟ್ಟಿಲು ಮಾತ್ರ ಇದೆ,
ಹತ್ತಿದರೆ ತುಕ್ಕು ಕಂಬಿ, ಕಾಗೆ, ಆಕಾಶ.
"ಮೆಟ್ಟಿಲಿದ್ದರೆ ಮಹಡಿ ಶುರುವಾದ ಹಾಗೆ"
ಅಂದ ಅವನ ವಕೀಲ.
"ಹಾಗಾದರೆ ಏಣಿ ಇಟ್ಟವರೆಲ್ಲ ಚಂದ್ರನ ಮಾಲೀಕರು"
ಅಂದ ಆಕೆಯ ವಕೀಲ.
ನಗು. ನ್ಯಾಯಾಧೀಶರೂ ಒಂದಿಷ್ಟು.
ಆಮೇಲೆ ವಾಯಿದೆ.

ಸಾಲಕ್ಕೊಂದು ವಾಯಿದೆ ಇತ್ತು, ದಾಟಿಹೋಯಿತು.
ಈಗ ಕೇಸಿಗೆ ವಾಯಿದೆ, ದಾಟುವುದೇ ಇಲ್ಲ;
ಫೆರ್ರಿಯ ಹಾಗೆ ಈ ದಡ, ಆ ದಡ,
ಅದೇ ಜನರನ್ನು ಹೇರಿಕೊಂಡು.

ಅಳೆದೆ. ಕಂಬ ಒಂಬತ್ತಿಂಚು, ಕರಾರಿನಲ್ಲಿ ಹನ್ನೆರಡು.
ಉಗುರಿಗೇ ಉದುರಿತು ಗಾರೆ. ನಾಲಿಗೆಗಿಟ್ಟೆ: ಉಪ್ಪು.
ನಾಲಿಗೆಯ ಸಾಕ್ಷ್ಯ ವರದಿಗೆ ಬರುವುದಿಲ್ಲ.

ಎರಡನೇ ಮಹಡಿಯಲ್ಲಿ ಒಂದು ಕೋಣೆಗೆ ಬಾಗಿಲಿತ್ತು,
ಬಾಗಿಲಿಗೆ ಬೀಗ. ತೆಗೆದವನು ತ್ಸುಮಾ, ಕಾವಲುಗಾರ.
ಯಾರಪ್ಪ ಇಟ್ಟರು ನಿನ್ನನ್ನ?
"ಮೊದಲು ಅವರು. ಅವರು ಕೈಬಿಟ್ಟ ಮೇಲೆ
ಅಮ್ಮ ಫೋನು ಮಾಡಿ ಇರು ಅಂದರು.
ಬ್ಯಾಂಕಿನವರು ಬಂದು ಬೋರ್ಡು ಹೊಡೆದರು,
ಬೋರ್ಡನ್ನೂ ನೋಡಿಕೋ ಅಂದರು."
ಸಂಬಳ?
ಅವನು ಗೋಡೆ ತೋರಿಸಿದ.

ಇದ್ದಿಲಿನ ಗೀಟು. ದಿನಕ್ಕೊಂದು.
ನಾಲ್ಕರ ಮೇಲೆ ಅಡ್ಡ ಒಂದು, ಕಟ್ಟು ಕಟ್ಟಿದ ಸೌದೆಯಂತೆ,
ಬಾಗಿಲಿಂದ ಕಿಟಕಿಯ ತನಕ, ಕಿಟಕಿ ದಾಟಿ ಮೂಲೆಯ ತನಕ.
ನಡುವೆ ಅಲ್ಲಲ್ಲಿ ಖಾಲಿ.
"ಜ್ವರ ಬಂದಿತ್ತು, ನಾಲ್ಕು ದಿನ.
ಇದು ತಾಯಿಯನ್ನು ಮಣ್ಣು ಮಾಡಲು ಊರಿಗೆ ಹೋದದ್ದು. ಎರಡು."
ಯಾರೂ ಕೇಳದೆ ತಾನೇ ಮುರಿದುಕೊಂಡ ಆರು ದಿನ!
ಎಣಿಸಿದೆ. ಐನೂರ ಎಂಬತ್ತೇಳು.
ಇಡೀ ಫೈಲಿನಲ್ಲಿ ಎರಡು ಸಲ ಕೂಡಿಸಿದರೂ
ಒಂದೇ ಉತ್ತರ ಬಂದ ಲೆಕ್ಕ ಅದೊಂದೇ.

ವರದಿಯ ಕೊನೆಗೆ ಅದನ್ನೂ ಬರೆದೆ. ಫೋಟೊ ಲಗತ್ತಿಸಿದೆ.
"ಯಾರಿವನು? ವಾದಿಯೋ, ಪ್ರತಿವಾದಿಯೋ?"
ಎರಡೂ ಅಲ್ಲ.
"ಇದು ನಕಲು. ಅಸಲು ಎಲ್ಲಿ?"

ಅಸಲು.
ಬ್ಯಾಂಕು ಮೂರು ವರ್ಷದಿಂದ ಕೇಳುತ್ತಿರುವುದೂ ಅದನ್ನೇ,
ಬಡ್ಡಿ ಬೇಕಾದರೆ ಬಿಟ್ಟೇವು ಎನ್ನುತ್ತ.
ಅಸಲು ಲಿಕೋನಿಯಲ್ಲಿದೆ ಸ್ವಾಮಿ,
ಹದಿನಾಲ್ಕಡಿ ಉದ್ದ, ಒಂಬತ್ತಡಿ ಎತ್ತರ,
ಫೆರ್ರಿಗೆ ಹತ್ತುವುದಿಲ್ಲ.

ಈ ಸಲ ಯಾರೂ ನಗಲಿಲ್ಲ.
ಪ್ಯಾರಾಕ್ಕೆ ಕಾಟು ಹೊಡೆದರು. ಉಳಿದ ಅಳತೆಗೆ ಮೊಹರು ಬಿತ್ತು.
(ನನ್ನ ಫೀಸು ಇನ್ನೂ ಬಂದಿಲ್ಲ, ಅದು ಬೇರೆ ಮಾತು.)

ಯಾರು ಗೆದ್ದರೂ ಮೊದಲು ಸುಣ್ಣ ಹೊಡೆಸುತ್ತಾರೆ.
ತ್ಸುಮಾನಿಗೆ ಅದು ಗೊತ್ತಿರಬೇಕು.
ಅವತ್ತು ಹೊರಡುವ ಮುಂಚೆ, ಏನನ್ನಿಸಿತೋ,
ಕಿಟಕಿಯ ಮೇಲಿದ್ದ ಇದ್ದಿಲು ತೆಗೆದುಕೊಂಡು
ಅಂದಿನ ಗೀಟು ನಾನೇ ಎಳೆಯಹೋದೆ.
ಮೆಲ್ಲಗೆ ಕೈ ಹಿಡಿದ.
"ಬೇಡ," ಅಂದ. "ಇನ್ನೂ ಸಂಜೆಯಾಗಿಲ್ಲ."