ಹೋಲ್ಡಾನ್

ಗುತ್ತಲು ರಸ್ತೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಒಂದು ಲೀಟರ್ ನೀರು ಕುಡಿದು ಕೂತಿರಿ ಅಂದರು,
ತಡೆಯೋಕಾಗದಷ್ಟು ಬಂದಾಗ ಹೇಳಿ.
ನಗು ಬಂತು.
ತಡೆಯೋದನ್ನ ನನಗೆ ಹೇಳಿಕೊಡಬೇಕೆ?
ಹತ್ತೊಂಬತ್ತು ವರ್ಷ, ಮಂಡ್ಯ ಡಿಪೋ, ಕಂಡಕ್ಟರು.
ಕಷ್ಟವಾದದ್ದು ಕುಡಿಯೋದು.
ಮೂರನೇ ಲೋಟಕ್ಕೆ ಗಂಟಲೇ ಕೇಳಿತು:
ಇವತ್ತು ಡ್ಯೂಟಿ ಇಲ್ವಾ?

ಪಕ್ಕದ ಬಸುರಿ ಹುಡುಗಿ
ನಾನು ಮುಂದಕ್ಕೆ ಬಾಗಿ ಕೂತದ್ದು ನೋಡಿ
ಎಷ್ಟು ತಿಂಗಳು ಅಕ್ಕಾ ಅಂದಳು.
ನಲವತ್ತಾರು ವರ್ಷ ಕಣವ್ವಾ ಅಂದೆ.

ಮೊನ್ನೆ ಗುರುವಾರ, ನಾಗಮಂಗಲದ ಕೊನೇ ಟ್ರಿಪ್ಪು,
ಬಸರಾಳು ದಾಟಿದ್ದೇ
ಎಡಪಕ್ಕೆಯೊಳಗೆ ಯಾರೋ ಗುದ್ದಲಿ ಇಟ್ಟು ತಿರುವಿದರು.
ಮಿಷನ್ನಿನಿಂದ ಟಿಕೆಟ್ಟು ಅರ್ಧ ಹೊರಗೆ, ಅರ್ಧ ಒಳಗೆ.
ಎರಡು ಹೆತ್ತವಳು ನಾನು.
ಆ ನೋವಿಗೊಂದು ತುದಿ ಇತ್ತು, ತುದಿಯಲ್ಲಿ ಒಂದು ಅಳು.
ಇದಕ್ಕೆ ಮಗ್ಗುಲೇ ಇಲ್ಲ.
ಡ್ರೈವರ್ ಮರಿಸ್ವಾಮಿ ಕನ್ನಡಿಯಲ್ಲಿ ನೋಡಿ
ವಿಷಲ್ಲಿಗೆ ಕಾಯದೆ ಗಾಡಿ ನಿಲ್ಲಿಸಿದ.

ಕತ್ತಲೆ ಕೋಣೆ. ತಣ್ಣನೆ ಲೋಳೆ.
ಡಾಕ್ಟರಮ್ಮ ಪಕ್ಕೆಯನ್ನು ಒತ್ತಿ ಒತ್ತಿ
ಬಿದ್ದ ಚಿಲ್ಲರೆ ಹುಡುಕುವ ಹಾಗೆ ಹುಡುಕಿದಳು.
ಉಸಿರು ಎಳಕೊಳ್ಳಿ. ಹಿಡಕೊಳ್ಳಿ.
ಬಿಡಿ ಅನ್ನೋದು ಮರೆತಳು.
ನಾನು ಹಿಡಿದೇ ಇದ್ದೆ.
ಪರದೆ ತುಂಬ ಒಲೆ ಬೂದಿ,
ಬೂದಿಯೊಳಗೆ ಒಂದು ಬಿಳಿ ಚುಕ್ಕಿ,
ಚುಕ್ಕಿಯ ಹಿಂದೆ ಉದ್ದಕ್ಕೆ ಕಪ್ಪು.
ಇದು ಹರಳು, ಅದು ಅದರ ನೆರಳು,
ಶಬ್ದ ಅದನ್ನು ದಾಟಲಾರದು ಅಂದಳು.

ಹರಳು ಅಂದರೆ ನನಗೆ ಮೂಗುಬೊಟ್ಟಿನದು.
ಕೆಂಪು ಹರಳಿಂದು ಮಾಡಿಸ್ತೀನಿ ತಡಿ ಅಂತ
ಅತ್ತೆ ಅಂದೂ ಅಂದೂ ತೀರಿಕೊಂಡರು.

ರಿಪೋರ್ಟಿನಲ್ಲಿ ಮೊದಲು ಬಲಗಡೆಯದು:
ಅಳತೆ ನಾರ್ಮಲ್, ಆಕಾರ ನಾರ್ಮಲ್.
ಆ ಸಾಲನ್ನೇ ಮೂರು ಸಲ ಓದಿದೆ.
ಎಡಗಡೆ, ನಾಳದ ಬಾಯಲ್ಲಿ, ಆರು ಮಿಲಿಮೀಟರ್.
ಆಮೇಲೆ 'ಮೈಲ್ಡ್' ಅಂತ ಒಂದು ಪದ,
ಅದರ ಬೆನ್ನಿಗೆ ನಾಲಿಗೆ ಹೊರಳದ ಇನ್ನೊಂದು.
ಏನಿದು ಅಂದೆ.
ಕೆಳಗೆ ಅಡ್ಡ ಬಿದ್ದು ಮೇಲೆ ನೀರು ನಿಂತಿದೆ, ಸ್ವಲ್ಪ ಊದಿದೆ.

ಅಷ್ಟು ಸಾಕಾಯ್ತು.
ನಮ್ಮಪ್ಪ ವಿ.ಸಿ. ನಾಲೆಯ ನೀರುಗಂಟಿ.
ತೂಬಿಗೆ ಕಸ ಸಿಕ್ಕಿದ ರಾತ್ರಿ
ಲಾಟೀನು ನನ್ನ ಕೈಗೆ ಕೊಟ್ಟು ಸೊಂಟದ ತನಕ ಇಳಿಯೋನು.
ನೀರನ್ನ ಬಯ್ಬಾರ್ದು ಮಗಾ, ದಾರಿ ನೋಡ್ಬೇಕು ಅನ್ನೋನು.
ಅವನ ಮಗಳು ಬೆಳಿಗ್ಗೆ ಆರರಿಂದ ಮೂರರವರೆಗೆ
ಎರಡು ಗುಟುಕಿನಲ್ಲಿ ದಿನ ದೂಡುತ್ತಾಳೆ,
ಕಿಟಕಿಯಾಚೆ ನಾಲೆ ತುಂಬಿ ಹರಿಯುತ್ತಿರುತ್ತದೆ.

ಯಾಕೆ ಕುಡಿಯಲ್ಲ?
ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ ಮೇಡಂ,
ಬೀಗದ ಕೈ ಕಂಟ್ರೋಲರ್ ಹತ್ತಿರ,
ಕಂಟ್ರೋಲರ್ ಟೀ ಅಂಗಡಿ ಹತ್ತಿರ.
ಬರೆಯುತ್ತಿದ್ದ ಪೆನ್ನು ನಿಂತಿತು.
ತಾನಾಗಿ ಇಳಿದರೂ ಇಳೀಬಹುದು, ಇಳೀದೆಯೂ ಇರಬಹುದು,
ಮೂರು ವಾರ ನೋಡೋಣ.
ಚಳಿಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಬನ್ನಿ.

ಡಿಪೋದಲ್ಲಿ ಹೇಳಿದರೆ
ಒಬ್ಬೊಬ್ಬಳಿಗೂ ಒಂದೊಂದು ಕಲ್ಲು.
ಬಾಳೆದಿಂಡು ಅಂದಳು ಒಬ್ಬಳು, ಹುರುಳಿಕಟ್ಟು ಅಂದಳು ಇನ್ನೊಬ್ಬಳು.
ಪಾರ್ವತಮ್ಮಣ್ಣಿ ತನ್ನದನ್ನು
ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.
ತೆರೆದು ತೋರಿಸಿದಳು. ರಾಗಿಕಾಳಿಗಿಂತ ಚೂರು ದಪ್ಪ.
ಇಷ್ಟೇನಾ ಅಂದೆ.
ಇಷ್ಟೇ ಅಂದಳು.

ನಿಲ್ಲಿಸೋಕೆ ಹೋಲ್ಡಾನ್, ಹೊರಡೋಕೆ ರೈಟ್.
ಊರವರಿಗೆಲ್ಲ ಎರಡೂ ಹೇಳಿದ್ದೇನೆ,
ಮೈಗೆ ಮಾತ್ರ ಒಂದೇ.

ಸೋಮವಾರ ಸೀಟಿನ ಕೆಳಗೆ ಎರಡು ಲೀಟರ್ ಬಾಟಲಿ.
ಬಸರಾಳಿನ ಹತ್ತಿರ ಖಾಲಿ.
ಮರಿಸ್ವಾಮಣ್ಣಾ, ಹೋಲ್ಡಾನ್.
ಇಲ್ಲಿ ಸ್ಟಾಪ್ ಇಲ್ವಲ್ಲ?
ನಂಗೈತೆ.

ಡೈರಿ ಮುಂದೆ ಹಾಲು ಅಳೆಯುತ್ತಿದ್ದ ಹೆಂಗಸು
ಏನೂ ಕೇಳದೆ ಹಿತ್ತಲು ತೋರಿಸಿದಳು.
ವಾಪಸ್ಸು ಬಂದರೆ ಬಸ್ಸಿನ ಬಾಗಿಲಲ್ಲಿ
ಮಗು ಎತ್ತಿಕೊಂಡ ಒಬ್ಬಳು, ಕಾಲೇಜಿನ ಹುಡುಗಿ, ಒಬ್ಬ ಅಜ್ಜಿ.
ನಾವೂ ಹೋಗ್ಬರ್ಲಾ ಕಂಡಕ್ಟ್ರವ್ವಾ?

ಹೋಗ್ಬನ್ನಿ ಅಂದೆ.
ವಿಷಲ್ಲು ಕೈಯಲ್ಲೇ ಇತ್ತು.