ಹತ್ತು ದಿರ್ಹಮ್ ಪಣ

ಮೊದಲನೆಯದನ್ನು ರುವೈಸಿನ ಕ್ಯಾಂಪಿನಲ್ಲಿ
ಒಂದೇ ರಾತ್ರಿ ಓದಿ ಮುಗಿಸಿ
ಬೆಳಗಿನ ಬಸ್ಸು ತಪ್ಪಿಸಿಕೊಂಡವನು ನಾನು.
ಅರ್ಧ ದಿನದ ಸಂಬಳ ಹೋಯಿತು. ಹೋಗಲಿ ಅಂದೆ.

ಮೂರನೆಯದರಲ್ಲಿ ಹಾರುವ ಕುದುರೆ ಸತ್ತಾಗ
ವಾಮನ ಸಾಲಿಯಾನ್ ಊಟ ಬಿಟ್ಟ.
ಮೀನುಸಾರು ನಾನೊಬ್ಬನೇ ಉಂಡೆ, ಕಣ್ಣೊರೆಸಿಕೊಂಡು.

ಈಗ ಒಂಬತ್ತು. ಎಂಟುನೂರು ಪುಟ.
ಸೈನ್ಯ ಹೊಳೆಯಾಚೆಯೇ ಇದೆ.
ರಾಣಿಯ ಜೀನು ಹೊಲಿಯುತ್ತಿದ್ದಾರೆ, ನಲವತ್ತು ಪುಟದಿಂದ.
ಔತಣಕ್ಕೆ ಏನೇನು ಬಡಿಸಿದರೆಂಬ ಪಟ್ಟಿ,
ಹೊಸ ಊರು, ಹೊಸ ಕುಲ, ಹೊಸ ಸೋದರತ್ತೆ.
ನಕಾಶೆ ಮಾತ್ರ ಬೆಳೆದಿದೆ, ಮಡಿಸಿದರೆ ಮಡಿಯುವುದಿಲ್ಲ.

ಇಷ್ಟರಲ್ಲಿ ನಮ್ಮಲ್ಲಿ
ಎರಡು ಟ್ಯಾಂಕು ಎದ್ದವು, ಬಣ್ಣ ಬಳಿದಾಯಿತು,
ಒಂದಕ್ಕೆ ತುಕ್ಕೂ ಹಿಡಿಯಿತು.

ಕುರುಡ ಅಂಬಿಗನೇ ರಾಜನ ತಮ್ಮನೆಂದು
ಹತ್ತು ದಿರ್ಹಮ್ ಪಣ ಕಟ್ಟಿದ್ದ ವಾಮನ.
ಐದನೆಯದು ಬರುವ ಹೊತ್ತಿಗೆ ಅವನ ವೀಸಾ ಮುಗಿಯಿತು.
ಆ ನೋಟೇ ನನ್ನ ಪುಟಗುರುತು,
ಇನ್ನೂರ ಹನ್ನೊಂದರಲ್ಲಿ ನಿಂತುಬಿಟ್ಟಿದೆ.
ಅಂಬಿಗ ಹುಟ್ಟು ಹಾಕುತ್ತಲೇ ಇದ್ದಾನೆ.

ಹತ್ತನೆಯದು ಬಂತಂತೆ.
ರಜೆಗೆ ಹೊರಟ ಮೊಯಿದಿನಬ್ಬನಿಗೆ
ತರಬೇಡ ಮಾರಾಯ, ಭಾರ, ಅಂದೆ.
ಅವನು ಗೇಟು ದಾಟುವಾಗ ಓಡಿಹೋಗಿ ಕೂಗಿದೆ:
ಅಂಗಡಿಯಲ್ಲೇ ನಿಂತು ಕೊನೆಯ ಪುಟ ನೋಡು.
ದೋಣಿ ದಡ ಮುಟ್ಟಿದ್ದರೆ
ವಾಮನನಿಗೊಂದು ಫೋನು ಮಾಡು.