ಬಿರಡೆ

ಬಲೆಯಲ್ಲಿ ಬಂದದ್ದು ಇಷ್ಟೇ:
ಅರ್ಧ ಬುಟ್ಟಿ ನೋಗ್ಲಿ, ಹರಿದ ಚಪ್ಪಲಿ ಒಂದು,
ಮತ್ತೆ ಹೆಬ್ಬೆರಳಿನಷ್ಟು ಗಾಜು.
ಕೋಡಿಬಾಗದ ಕೆಳಗೆ, ಕಾಳಿ ಕಡಲು ಸೇರುವಲ್ಲಿ.
ಐಸೆಂದು ಎಸೆಯಹೋದ ಉಮಾಕಾಂತ
ಕರಗಲಿಲ್ಲವೆಂದು ಮನೆಗೆ ತಂದ.

ತೊಳೆದೆ. ಕೆಸರಿನಿಂದ ಒಂದೊಂದೇ ಮುಖ ಎದ್ದವು,
ಅನಾನಸಿನ ಮೈಯಂತೆ ಕಣ್ಣು ಕಣ್ಣು;
ಕೆಳಗೆ ಗೂಟ, ಗೂಟದ ತಳದಲ್ಲಿ
ಸೂಜಿಯಿಂದ ಗೀರಿದ ಹಾಗೆ
ಒಂದು ಏಳು.

ಹಳೆ ಸಾಮಾನಿಗೆಂದು ಮಡಗಾಂವದಿಂದ ಬರುವ ಕೈತಾನ
ಕನ್ನಡಕ ಹಣೆಗೇರಿಸಿ ನೋಡಿದ.
"ಇನ್ನೂರೈವತ್ತು ವರ್ಷ. ವಿಲಾಯತಿ. ಮದ್ಯದ ಹೂಜಿಯ ಬಿರಡೆ.
ಒಂದು ಹೂಜಿಗೆ ಒಂದೇ, ತೇದು ಕೂರಿಸಿದ್ದು.
ಅದಲುಬದಲಾಗಬಾರದೆಂದು ಎರಡಕ್ಕೂ ಒಂದೇ ನಂಬರು.
ಹೂಜಿ ಸಿಕ್ಕರೆ ಹೇಳು, ಮಾಡಿಗೆ ಹೊಸ ಹಂಚು ಹಾಕಿಸಬಹುದು.
ಇದೊಂದೇ ಆದರೆ..."
ತುಟಿ ಮುಂದೆ ಮಾಡಿದ.

ಆಮೇಲೆ ನನಗೆ ಅದೇ ಧ್ಯಾನ:
ಕಡವಾಡದ ಕೋಠಿ, ಕಾಳುಮೆಣಸು ತೂಗಿ ಮುಗಿದ ಸಂಜೆ,
ಬೆವರಿದ ದೊರೆ,
ಹೂಜಿ ಹಿಡಿದು ನಿಂತ ಹುಡುಗ (ನಮ್ಮ ಪೈಕಿಯವನೇ ಇರಬೇಕು)
ಬಿರಡೆ ಜಾರಿಸಿ ಪೆಟ್ಟು ತಿಂದವನೋ,
ಬೇಕೆಂದೇ ಹೊಳೆಗೆ ಎಸೆದವನೋ.
ರಾತ್ರಿ ಯಾರೋ ಏಳು, ಏಳು ಅಂದ ಹಾಗಾಗಿ
ಎದ್ದು ಕೂರುತ್ತಿದ್ದೆ.

ಗಣಪಿ ಅತ್ತೆಯ ಚಿಂತೆ ಬೇರೆ.
ಬಿರಂಡೆ ರಸದ ಬಾಟಲಿಯ ಮುಚ್ಚಳ ಇಲಿ ಕಡಿದು
ದಿನಾ ಇರುವೆ ಬೀಳುತ್ತಿತ್ತು.
ಮೀನು ಮಾರಿ ಬಂದು, ಕಾಲು ಚಾಚಿ,
ಬಾಟಲಿಯನ್ನು ತೊಡೆಸಂದಿಗಿಟ್ಟು
ಒದ್ದೆ ಹೊಯಿಗೆ ಚಿಟಿಕೆ ಹಾಕಿ ಗೂಟ ತಿರುಗಿಸಿದಳು.
ಹಲ್ಲು ಜುಮ್ಮೆನ್ನುವ ಸದ್ದು,
ಒಂದು ಸಂಜೆಯಲ್ಲ, ಒಂಬತ್ತು.
ಉದ್ದವಾಯಿತೆಂದು ತಳವನ್ನೂ ಅರೆಯುವ ಕಲ್ಲಿಗೆ ಉಜ್ಜಿದಳು.

ನಾನು ನೋಡುವಷ್ಟರಲ್ಲಿ ಏಳು ಇರಲಿಲ್ಲ.
ಕೂಗಿಬಿಟ್ಟೆ. ಅವಳು ತಲೆ ಎತ್ತಲಿಲ್ಲ.
"ಅದರ ಹೂಜಿ ಇನ್ನು ಬರೂದಿಲ್ವೇ ಹುಡುಗಿ.
ಇದಕ್ಕೊಂದು ಬಾಯಿ ಬೇಕಿತ್ತು, ಅದಕ್ಕೊಂದು ಮುಚ್ಚಳ.
ಅಡ್ಡಿಲ್ಲ."
ಉಗುರ ಸಂದಿಯಲ್ಲಿ ಬಿಳಿ ಹುಡಿ.
ಕಡಲಾಚೆ ಯಾವನೋ ಹೀಗೇ ಕೂತು
ನೀರು, ಹೊಯಿಗೆ ಹಾಕಿ ತೇದಿದ್ದನಲ್ಲ,
ಅವನ ಹೆಂಡತಿಯೂ ರಾತ್ರಿ ಆ ಕೈ ನೋಡಿರಬೇಕು.

ಈಗ ಕಿಟಕಿಯಲ್ಲಿ ಕೆಂಪು ರಸ, ಮೇಲೆ ದೊರೆಯ ಗಾಜು.
ನಾಲ್ಕರ ಬಿಸಿಲಿಗೆ ಗೋಡೆಯ ತುಂಬ ಬಣ್ಣದ ಚುಕ್ಕಿ;
ಹಲ್ಲಿ ಒಂದನ್ನು ಹಿಡಿಯಹೋಗಿ
ಸುಣ್ಣ ನೆಕ್ಕಿ ಬರುತ್ತದೆ.

ತೆಗೆಯುವಾಗ ಮಾತ್ರ, ಟೊಕ್.
ಹೊಳೆಯಡಿ ಏಳೆಂದು ಬರೆಸಿಕೊಂಡು ಕೂತದ್ದಕ್ಕೆ
ಕೇಳಿಸುತ್ತದೋ ಏನೋ.
ಬಾಯಿ ತುಂಬ ಹೊಯಿಗೆ ಅದಕ್ಕೆ.